ಮೋಡಕ್ಕೂ ಹದ ನೋಡಬೇಕು

2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರಿ’ ಯೋಜನೆಯ ವಿಮಾನ ಮೋಡ ಬಿತ್ತಲು ಹೊರಟಿತು. ವಿಚಿತ್ರವೆಂದರೆ, ಹಿಂದಿನ ವಾರವಷ್ಟೇ ಸ್ವಾತಂತ್ರ್ಯ ದಿನದ ನಸುಕಿನ ಮಳೆಗೆ ಇದೇ ಊರಿನ ತಗ್ಗು ಬಡಾವಣೆಗಳಲ್ಲಿ ಮನೆಯೊಳಗೆ ನೀರು ನುಗ್ಗಿತ್ತು. ಮಳೆ ಬೇಕಾಗಿದ್ದದ್ದು ಬರದ ಜಿಲ್ಲೆಗಳಿಗೆ. ಗದಗ, ಸುರಪುರದಲ್ಲೂ ಯೋಜನೆಯ ರೇಡಾರ್ ಇದ್ದವು. ಆದರೆ ಆ ವರ್ಷ ಬೆಂಗಳೂರಿನ ಮಳೆ 1,696 ಮಿಲಿಮೀಟರ್ ಮುಟ್ಟಿ ಅಲ್ಲಿಯವರೆಗಿನ ದಾಖಲೆ ಮುರಿಯಿತು. ಮೋರಿ ಉಕ್ಕಿದರೆ ವಿಮಾನದವರನ್ನು ಬೈಯುವವರೂ, ಕೆರೆ ತುಂಬಿದರೆ ವಿಮಾನದವರನ್ನು ಹೊಗಳುವವರೂ ಇದ್ದೇ ಇದ್ದರು. ಎರಡು ಮಾತನ್ನೂ ತೂಗಿ ನೋಡುವ ಲೆಕ್ಕ ಮಾತ್ರ ಜನರ ಕೈಯಲ್ಲಿರಲಿಲ್ಲ.

ಮೋಡ ಬಿತ್ತನೆಯ ಮಾತೆತ್ತಿದರೆ ಮೊದಲು ಏಳುವ ಭಯ ರಾಸಾಯನಿಕದ್ದು. 1946ರಲ್ಲಿ ಅಮೆರಿಕದ ಬರ್ನಾರ್ಡ್ ವಾನಗಟ್ ಕಂಡುಕೊಂಡಂತೆ, ಸಿಲ್ವರ್ ಅಯೊಡೈಡ್‌ನ ಹರಳು ಮಂಜುಗಡ್ಡೆಯ ಹರಳನ್ನು ಹೋಲುತ್ತದೆ. ಶೂನ್ಯಕ್ಕಿಂತ ಐದಾರು ಡಿಗ್ರಿ ಕೆಳಗಿದ್ದೂ ಹೆಪ್ಪುಗಟ್ಟದೆ ತೇಲುವ ಹನಿಗಳು ಅದರ ಸುತ್ತ ಗಟ್ಟಿಯಾಗಿ, ತೂಕ ಬಂದು ಬೀಳುತ್ತವೆ. ಅಷ್ಟು ತಣ್ಣಗಿಲ್ಲದ ಮೋಡಗಳಿಗೆ ಉಪ್ಪಿನ ಜಾತಿಯ ಪುಡಿ. ಅದು ತೇವ ಹೀರಿ ಹನಿ ದಪ್ಪಗಾಗಿಸುತ್ತದೆ. ಎರಡಕ್ಕೂ ಮೋಡ ಮೊದಲೇ ಇರಬೇಕು. 2025ರ ಅಕ್ಟೋಬರ್‌ನಲ್ಲಿ ದೆಹಲಿಯ ಹೊಗೆ ತೊಳೆಯಲು ವಿಮಾನ ಹಾರಿಸಿದಾಗ ಮೋಡದಲ್ಲಿ ತೇವವೇ ಸಾಲದೆ, ಹೇಳಿಕೊಳ್ಳುವಂಥ ಮಳೆ ಬರಲಿಲ್ಲ.

ಬೆಳ್ಳಿಯ ಅಯಾನು ಮೀನಿಗೂ ಪಾಚಿಗೂ ವಿಷ, ನಿಜ. ಆದರೆ ಅಯೊಡೈಡ್‌ಗೆ ಅಂಟಿಕೊಂಡ ಬೆಳ್ಳಿ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕುಡಿಯುವ ನೀರಿನ ಮಾನದಂಡ ಲೀಟರಿಗೆ 0.1 ಮಿಲಿಗ್ರಾಂ ಬೆಳ್ಳಿಯವರೆಗೆ ಒಪ್ಪುತ್ತದೆ. ಬಿತ್ತನೆ ನಡೆದ ಕಡೆಯ ಹಿಮದಲ್ಲಿ ಸಿಗುವುದು ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಗೆಂದು ಕೈ ತೊಳೆದುಕೊಳ್ಳುವಂತಿಲ್ಲ. ಒಂದೇ ಜಲಾನಯನದ ಮೇಲೆ ವರ್ಷ ವರ್ಷವೂ ಬಿತ್ತುವುದಾದರೆ ಮಣ್ಣು, ಕೆರೆಯ ಹೂಳು ಎರಡನ್ನೂ ವಿಮಾನ ಹಾರುವ ಮೊದಲೇ ಪರೀಕ್ಷಿಸಿಡಬೇಕು. ಮೊದಲಿನ ಅಳತೆಯಿಲ್ಲದೆ ಆಮೇಲಿನ ಅಳತೆಗೆ ಬೆಲೆಯಿಲ್ಲ. ಸಿಲ್ವರ್ ಅಯೊಡೈಡ್ ಚೆಲ್ಲಲು ರೆಕ್ಕೆಗೆ ಕಟ್ಟುವ ಸುಡುಕಡ್ಡಿಗಳಲ್ಲಿ ಉರಿಯಲೆಂದು ಬೆರೆಸುವ ಬೇರೆ ವಸ್ತುಗಳ ಬಗ್ಗೆಯಂತೂ ಯಾರೂ ಕೇಳುವುದೇ ಇಲ್ಲ.

ನನಗೆ ಬೆಳ್ಳಿಗಿಂತ ಹೆಚ್ಚು ಚಿಂತೆ ಹಚ್ಚುವುದು ಬಿತ್ತಿದ ದಿನ. 1972ರ ಜೂನ್ 9ರಂದು ಅಮೆರಿಕದ ರ‍್ಯಾಪಿಡ್ ಸಿಟಿಯಲ್ಲಿ ಹೊಳೆ ಉಕ್ಕಿ 238 ಜನ ಸತ್ತರು. ಅದೇ ದಿನ ಸಮೀಪದಲ್ಲೇ ಸಂಶೋಧಕರು ಮೋಡಕ್ಕೆ ಉಪ್ಪು ಹಾಕಿದ್ದರು. ಆ ಪ್ರವಾಹಕ್ಕೆ ಬಿತ್ತನೆ ಕಾರಣವಲ್ಲವೆಂದು ಆಮೇಲೆ ಪರಿಶೀಲಿಸಿದ ತಜ್ಞರು ಹೇಳಿದರು. ದಿನಕ್ಕೆ ಬೆಟ್ಟದಷ್ಟು ನೀರು ಸುರಿಸುವ ಬಿರುಮಳೆಯ ಮುಂದೆ ವಿಮಾನ ಚೆಲ್ಲಿದ ಉಪ್ಪು ಯಾವ ಲೆಕ್ಕ? ಸರಿಯೇ ಇರಬಹುದು. ಆದರೆ ಹೆಣ ಹೊತ್ತವರಿಗೆ ಈ ವಿವರಣೆ ಸಾಕೇ? ಹಾರದೇ ಇದ್ದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಅದಕ್ಕೇ ಈ ಕಸುಬಿನಲ್ಲಿ ನನಗೆ ಮುಖ್ಯವೆನಿಸುವುದು ನಿಲ್ಲಿಸುವ ನಿಯಮ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಪ್ರವಾಹದ ಮುನ್ನೆಚ್ಚರಿಕೆ ಬಂದರೆ, ಬೆಟ್ಟದ ಹಿಮ ಮಿತಿ ಮೀರಿದರೆ, ಕಾಡ್ಗಿಚ್ಚಿಗೆ ಬೆಂದ ಇಳಿಜಾರು ಕೆಳಗಿದ್ದರೆ ಬಿತ್ತನೆ ನಿಲ್ಲಿಸುವ ಕಟ್ಟಳೆಗಳಿವೆ. ಹವಾಮಾನ ಬದಲಿಸುವ ಯಾವ ಪ್ರಯತ್ನವನ್ನಾದರೂ ಕೇಂದ್ರಕ್ಕೆ ವರದಿ ಮಾಡಬೇಕೆಂಬ ಕಾನೂನು ಅಲ್ಲಿ 1971ರಿಂದಲೇ ಇದೆ. 2025ರ ಜುಲೈ 4ರ ಟೆಕ್ಸಾಸ್ ಪ್ರವಾಹದ ಹೊತ್ತಿಗೆ ಇದರ ಬೆಲೆ ಗೊತ್ತಾಯಿತು. ಎರಡು ದಿನ ಮೊದಲು ಒಂದು ಕಂಪನಿ, ಮುಳುಗಿದ ಜಾಗದಿಂದ ಬಹುದೂರದಲ್ಲಿ, ಎರಡು ಮೋಡಗಳಿಗೆ 70 ಗ್ರಾಂನಷ್ಟು ಸಿಲ್ವರ್ ಅಯೊಡೈಡ್ ಹಾಕಿತ್ತು. ಅದರಲ್ಲಿದ್ದ ಬೆಳ್ಳಿ ಮಗುವಿನ ಕಾಲ್ಗೆಜ್ಜೆಗೆ ಸಾಕಾಗುವಷ್ಟು. ಗಾಳಿಯಲ್ಲಿ ತೇವ ಏರುತ್ತಿದೆಯೆಂದು ಆಮೇಲೆ ನಿಲ್ಲಿಸಿದ್ದರು. ಹಾರಿದ ಹೊತ್ತು, ಜಾಗ, ತೂಕ ಎಲ್ಲ ಬರೆದಿಟ್ಟಿದ್ದರಿಂದ, ಬಿತ್ತನೆಯಿಂದಲೇ ಪ್ರವಾಹ ಬಂತೆಂಬ ಗಾಳಿಸುದ್ದಿಗೆ ಉತ್ತರ ಕೊಡಲು ಏನಾದರೂ ಇತ್ತು.

ನಮ್ಮ ನಿಯಮ ನಮ್ಮ ನೆಲಕ್ಕೆ ಹೊಂದಬೇಕು. ಕೊಡಗಿನ ಗುಡ್ಡ 2018ರಲ್ಲಿ ಹೇಗೆ ಜಾರಿತೆಂದು ಕಂಡಿದ್ದೇವೆ. ಅಂಥ ಇಳಿಜಾರು ನೀರು ಕುಡಿದು ನಿಂತಿರುವಾಗ ಮೇಲೆ ವಿಮಾನಕ್ಕೆ ಕೆಲಸವಿಲ್ಲ. ವಿಜಯಪುರದಲ್ಲಿ ಒಬ್ಬನ ತೊಗರಿ ಬಾಡುತ್ತಿರುವಾಗ ಪಕ್ಕದವನ ದ್ರಾಕ್ಷಿ ಮಳೆ ಬೇಡ ಎನ್ನುತ್ತಿರುತ್ತದೆ. ಯಾರನ್ನು ಕೇಳಿ ಬಿತ್ತುವುದು?

ಫಲ ಅಳೆಯುವುದೂ ಸುರಕ್ಷತೆಯ ಭಾಗವೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ವಿಜಯಪುರಕ್ಕೆ ಹತ್ತಿರದ ಸೊಲ್ಲಾಪುರದ ಮಳೆನೆರಳಿನಲ್ಲಿ 276 ಮೋಡಗಳನ್ನು ಆರಿಸಿಕೊಂಡು, ಕೆಲವಕ್ಕೆ ಬಿತ್ತಿ, ಕೆಲವನ್ನು ಬೇಕೆಂದೇ ಬಿಟ್ಟರು. ನೂರು ಚದರ ಕಿಲೋಮೀಟರಿನಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಕಂಡಿತು. ಬಿಟ್ಟ ಮೋಡಗಳಿರದಿದ್ದರೆ ಈ ಅಂಕಿ ಹುಟ್ಟುತ್ತಲೇ ಇರಲಿಲ್ಲ. ಬರದ ವರ್ಷ ಸರ್ಕಾರದ ದುಡ್ಡಿನಲ್ಲಿ ಹಾರುವ ವಿಮಾನ ಎದುರಿಗಿರುವ ಕಪ್ಪು ಮೋಡವೊಂದನ್ನು ಸುಮ್ಮನೆ ಬಿಟ್ಟು ಬಂದರೆ, ಕೆಳಗೆ ಕಾದು ನಿಂತವರಿಗೆ ಅದನ್ನು ವಿವರಿಸಿ ಹೇಳುವ ಮಂತ್ರಿಯನ್ನು ಇನ್ನೂ ನೋಡಬೇಕಿದೆ.