ಎಸ್ಟೋನಿಯಾ: ಮೊದಲು ತಿಂಗಳು, ಆಮೇಲೆ ಊರು

ಹೆಲ್ಸಿಂಕಿಯಲ್ಲಿ ಹಡಗು ಹತ್ತಿದರೆ ಎರಡು ಗಂಟೆಯಲ್ಲಿ ತಾಲಿನ್ ಸಿಗುತ್ತದೆ. ನಡುವೆ ಇರುವುದು ಸುಮಾರು 80 ಕಿಲೋಮೀಟರ್ ಅಗಲದ ಫಿನ್‌ಲೆಂಡ್ ಕೊಲ್ಲಿ. ಇದೇ ಕಾರಣಕ್ಕೆ ಉತ್ತರ ಯುರೋಪಿನ ಪ್ರವಾಸಪಟ್ಟಿಗಳಲ್ಲಿ ಎಸ್ಟೋನಿಯಾಕ್ಕೆ ಹೆಚ್ಚಾಗಿ ಒಂದೇ ಹಗಲು ದಕ್ಕುತ್ತದೆ: ಬೆಳಗಿನ ಹಡಗಿಗೆ ಬಂದು, ಹಳೆಯ ಪೇಟೆ ಸುತ್ತಿ, ಸಂಜೆಯ ಹಡಗಿಗೆ ಮರಳುವುದು. ಹಾಗೆ ಹೋಗಿಬಂದವರು ಒಂದು ಪೇಟೆಯನ್ನು ನೋಡಿರುತ್ತಾರೆ, ಆ ದೇಶವನ್ನಲ್ಲ. ವಿಸ್ತಾರ ಸುಮಾರು 45,000 ಚದರ ಕಿಲೋಮೀಟರ್. ಕರ್ನಾಟಕದ ನಾಲ್ಕರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಜನಸಂಖ್ಯೆ ಹದಿನಾಲ್ಕು ಲಕ್ಷವನ್ನೂ ಮುಟ್ಟುವುದಿಲ್ಲ, ಅದರಲ್ಲೂ ಮೂರರಲ್ಲೊಂದು ಪಾಲು ತಾಲಿನ್ನಿನಲ್ಲೇ ಇದೆ. ಉಳಿದ ನೆಲದಲ್ಲಿ ಕಾಡು, ಜೌಗು, ಕರಾವಳಿ, ಎರಡು ಸಾವಿರಕ್ಕೂ ಹೆಚ್ಚು ದ್ವೀಪಗಳು. ಇಂಥ ದೇಶಕ್ಕೆ ಎಂಟು ಹತ್ತು ದಿನ ಕೊಟ್ಟರೆ ಅದು ಹೆಚ್ಚಾಗುವುದಿಲ್ಲ.

ಯೋಜನೆಗೆ ಕೂರುವಾಗ ಯಾವ ಊರು ಎಂಬುದಕ್ಕಿಂತ ಮೊದಲು ಯಾವ ತಿಂಗಳು ಎಂದು ತೀರ್ಮಾನಿಸಬೇಕು. ತಾಲಿನ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದ ಆಚೆ. ಜೂನ್ ಕೊನೆಯಲ್ಲಿ ಅಲ್ಲಿ ಹಗಲು ಹದಿನೆಂಟೂವರೆ ಗಂಟೆಗೂ ಮಿಕ್ಕು. ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಹಗಲೆಂದರೆ ಆರು ಗಂಟೆ ಅಷ್ಟೇ. ಕರ್ನಾಟಕದಲ್ಲಿ ಬೆಳೆದವರಿಗೆ ವರ್ಷದುದ್ದಕ್ಕೂ ಹಗಲು ಹೆಚ್ಚುಕಮ್ಮಿ ಒಂದೇ ಅಳತೆಯದು. ಅದಕ್ಕೇ ಈ ಲೆಕ್ಕ ನಮಗೆ ಹೊಳೆಯುವುದಿಲ್ಲ. ಡಿಸೆಂಬರಿನಲ್ಲಿ ಕಾಡು, ಕರಾವಳಿ ಎಂದು ದೊಡ್ಡ ಪಟ್ಟಿ ಹಾಕಿಕೊಂಡರೆ ಅರ್ಧ ಕತ್ತಲಲ್ಲೇ ಕಳೆಯುತ್ತದೆ.

ಜೂನ್ ತಿಂಗಳಾದರೆ ಇನ್ನೊಂದು ವಿಷಯ ತಿಳಿದಿರಬೇಕು. ಜೂನ್ 23ರ ರಾತ್ರಿ ಇಡೀ ದೇಶ ಬೆಂಕಿಯ ಸುತ್ತ ಸೇರುತ್ತದೆ; ಮರುದಿನ ಯಾನಿಪಾಯೆವ್ ಎಂಬ ನಡುಬೇಸಗೆಯ ಹಬ್ಬ. 23, 24 ಎರಡೂ ಸರ್ಕಾರಿ ರಜೆ. ನಗರದವರು ಹಳ್ಳಿಮನೆಗೂ ದ್ವೀಪಕ್ಕೂ ಹೊರಟುಬಿಡುತ್ತಾರೆ, ತಾಲಿನ್ ಬಿಕೋ ಎನ್ನುತ್ತದೆ, ದ್ವೀಪಗಳ ದೋಣಿಗಳಿಗೆ ಕಾರುಗಳ ಸಾಲು ಹತ್ತುತ್ತದೆ. ಹಬ್ಬ ನೋಡಬೇಕಿದ್ದರೆ ಎರಡು ದಿನ ಮೊದಲೇ ಯಾವುದಾದರೂ ಹಳ್ಳಿ ಸೇರಿಕೊಳ್ಳಿ. ಮಾರ್ಚ್-ಏಪ್ರಿಲ್‌ಗೆ ಇನ್ನೊಂದು ಆಕರ್ಷಣೆಯಿದೆ. ಹಿಮ ಕರಗಿ ಸೋಮಾ ರಾಷ್ಟ್ರೀಯ ಉದ್ಯಾನದ ನದಿಗಳು ಉಕ್ಕಿ ಹುಲ್ಲುಗಾವಲು, ದಾರಿ, ಕಾಡು ಎಲ್ಲವೂ ನೀರಿನಡಿ ಸೇರುತ್ತವೆ. ಅಲ್ಲಿಯವರು ಅದನ್ನು ಐದನೆಯ ಋತು ಎನ್ನುತ್ತಾರೆ. ಮರದ ಕಾಂಡವೊಂದನ್ನೇ ಕೊರೆದು, ಬೆಂಕಿಯ ಕಾವಿನಲ್ಲಿ ಅಗಲಿಸಿ ಮಾಡಿದ ದೋಣಿಯಲ್ಲಿ ಓಡಾಡುವುದು ಅಲ್ಲಿನ ಹಳೆಯ ರೂಢಿ.

ಆದರೆ ಒಂದೇ ಸಲ ಹೋಗುವುದು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಇಷ್ಟು: ಹಾಡಿನ ಹಬ್ಬ ಯಾವ ವರ್ಷ ಬರುತ್ತದೆ ನೋಡಿಕೊಂಡು ಆ ಜುಲೈಗೆ ಹೊರಡಿ. ಮೊದಲ ಹಬ್ಬ ನಡೆದದ್ದು 1869ರಲ್ಲಿ, ತಾರ್ತು ಪಟ್ಟಣದಲ್ಲಿ. ನಾಡು ಆಗ ರಷ್ಯನ್ ಚಕ್ರವರ್ತಿಯ ಕೈಯಲ್ಲಿ, ಭೂಮಿ ಜರ್ಮನ್ ಮಾತಾಡುವ ಜಮೀನ್ದಾರರ ಕೈಯಲ್ಲಿ. ಆ ಸೀಮೆಯ ರೈತರು ಜೀತದಿಂದ ಬಿಡುಗಡೆಯಾಗಿ ಐವತ್ತು ವರ್ಷ ತುಂಬಿದ ನೆನಪಿಗೆ, ಪತ್ರಿಕೆ ನಡೆಸುತ್ತಿದ್ದ ಯೋಹಾನ್ ವೋಲ್ಡೆಮಾರ್ ಯಾನ್ಸೆನ್ ಮುಂದಾಗಿ ಹಳ್ಳಿಹಳ್ಳಿಯ ಗಾಯನ ಮೇಳಗಳನ್ನು ಒಂದೆಡೆ ಸೇರಿಸಿದರು. ಈಗ ಅದು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ತಾಲಿನ್ನಿನ ಬಯಲಿನಲ್ಲಿ ನಡೆಯುತ್ತದೆ. 2019ರಲ್ಲಿ 150 ವರ್ಷದ ಹಬ್ಬವಾಯಿತು, 2025ರಲ್ಲಿ ಮತ್ತೊಂದು. 1960ರಲ್ಲಿ ಕಟ್ಟಿದ ದೊಡ್ಡ ಕಮಾನಿನ ಕೆಳಗೆ ಸಾವಿರ ಸಾವಿರ ಗಾಯಕರು ಒಟ್ಟಿಗೆ ನಿಲ್ಲುತ್ತಾರೆ. ವೃತ್ತಿಗಾಯಕರಲ್ಲ: ಶಾಲೆ ಮಕ್ಕಳು, ದಾದಿಯರು, ರೈತರು, ಅಂಗಡಿಯವರು. ಮಳೆ ಬಂದರೂ ಯಾರೂ ಎದ್ದುಹೋಗುವುದಿಲ್ಲ.

ಈ ಹಾಡು ಬರಿ ಮನರಂಜನೆಯಲ್ಲ. ಸೋವಿಯತ್ ಕಾಲದಲ್ಲಿ ದೇಶದ ಬಾವುಟವನ್ನೂ ನಾಡಗೀತೆಯನ್ನೂ ನಿಷೇಧಿಸಿದಾಗ, ಲಿಡಿಯಾ ಕೊಯ್ದುಲಾ ಎಂಬ ಹತ್ತೊಂಬತ್ತನೆಯ ಶತಮಾನದ ಕವಯಿತ್ರಿಯ ಪದ್ಯವೊಂದಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಹಾಕಿದ ರಾಗ ನಾಡಗೀತೆಯ ಜಾಗವನ್ನು ತುಂಬಿತು. ಕೊಯ್ದುಲಾ ಆ ಯಾನ್ಸೆನ್ನರ ಮಗಳೇ. 1988ರ ಬೇಸಗೆಯ ರಾತ್ರಿಗಳಲ್ಲಿ ಅದೇ ಬಯಲಿಗೆ ಜನ ತಾವಾಗಿ ಬಂದು ನಿಷಿದ್ಧ ಬಾವುಟ ಹಿಡಿದು ಹಾಡಿದರು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಲಕ್ಷಗಟ್ಟಲೆ ಜನ. ಮುಂದಿನ ವರ್ಷ ಆಗಸ್ಟ್ 23ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ನಾಡಿನ ಸುಮಾರು ಇಪ್ಪತ್ತು ಲಕ್ಷ ಮಂದಿ ತಾಲಿನ್ನಿನಿಂದ ವಿಲ್ನಿಯಸ್‌ವರೆಗೆ, 600 ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಕೈಕೈ ಹಿಡಿದು ನಿಂತರು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು. ಹಬ್ಬವಿಲ್ಲದ ವರ್ಷ ಹೋದವರೂ ಆ ಬಯಲಿಗೆ ಹೋಗಿ ಇಳಿಜಾರಿನ ಹುಲ್ಲಿನ ಮೇಲೆ ಅರ್ಧ ಗಂಟೆ ಕೂತು ಬರಬೇಕು. ಹಬ್ಬದ ವರ್ಷ ಹೋಗುವವರು ಟಿಕೆಟ್ಟು, ಕೋಣೆ ಎರಡನ್ನೂ ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಿ.

ವೀಸಾದ ಮಾತು ಚಿಕ್ಕದು. 2007ರ ಡಿಸೆಂಬರಿನಿಂದ ಎಸ್ಟೋನಿಯಾ ಷೆಂಗೆನ್ ವಲಯದಲ್ಲಿದೆ, 2011ರಿಂದ ಅಲ್ಲಿ ಯೂರೋ ಚಲಾವಣೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಹದಿನೈದು ದಿನ, ಅಷ್ಟರವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಹಲವರು ಎಡವುವುದು ಇಲ್ಲಿ: ಅರ್ಜಿಯನ್ನು ವಿಮಾನ ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು. ಬೆಂಗಳೂರಿನಿಂದ ತಾಲಿನ್ನಿಗೆ ನೇರ ವಿಮಾನವಿಲ್ಲದೆ ಬೇರೆ ದೇಶದಲ್ಲಿ ಬದಲಿಸುವವರಿಗೆ ಈ ಗೊಂದಲ ಸಹಜ.

ತಾಲಿನ್ನಿನ ಹಳೆಯ ಪೇಟೆ 1997ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೋಟೆಗೋಡೆಯೂ ಗೋಪುರಗಳೂ ಬಹುಪಾಲು ಉಳಿದಿವೆ. ಪೌರಭವನ 1404ರ ಹೊತ್ತಿಗೆ ಮುಗಿದ ಕಟ್ಟಡ. ಅದೇ ಚೌಕದ ಔಷಧಿ ಅಂಗಡಿ 1422ಕ್ಕಿಂತ ಮೊದಲಿನಿಂದಲೂ ನಡೆಯುತ್ತಿದೆ, ಇಂದಿಗೂ ಮಾತ್ರೆ ಸಿಗುತ್ತದೆ. ಪ್ರವಾಸಿ ಹಡಗುಗಳು ಬೇಸಗೆಯ ಹಗಲಲ್ಲಿ ಜನರನ್ನು ಇಳಿಸುತ್ತವೆ, ಆ ಹೊತ್ತು ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ರಾತ್ರಿ ಊಟದ ನಂತರ ನಡೆಯಿರಿ, ಜೂನಿನಲ್ಲಿ ಬೆಳಕಿಗೇನೂ ಕೊರತೆಯಿಲ್ಲ. ನಡುಹಗಲನ್ನು ಬಂದರಿನ ಕಡಲ ವಸ್ತುಸಂಗ್ರಹಾಲಯಕ್ಕೆ ಇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕಡಲವಿಮಾನಗಳಿಗೆಂದು ಕಟ್ಟಿದ ತೆಳು ಕಾಂಕ್ರೀಟಿನ ಗುಮ್ಮಟಗಳ ಕೆಳಗೆ 1936ರ ಜಲಾಂತರ್ಗಾಮಿಯೊಂದಿದೆ, ಒಳಗೇ ಇಳಿದು ನೋಡಬಹುದು.

ಮುಂದಿನ ದಿನ ಲಾಹೆಮಾ. 1971ರಲ್ಲಿ ಘೋಷಣೆಯಾದ ಇದು ಆಗಿನ ಸೋವಿಯತ್ ಒಕ್ಕೂಟದ ಮೊದಲ ರಾಷ್ಟ್ರೀಯ ಉದ್ಯಾನ. ಅಂಚಿನಲ್ಲೇ ಇರುವ ವಿರು ಜೌಗಿನ ಮೇಲೆ ಹಲಗೆಯ ಕಾಲುದಾರಿ ಹಾಕಿದ್ದಾರೆ. ಪಾಚಿ ಸತ್ತು, ಕೊಳೆಯದೆ, ಪದರದ ಮೇಲೆ ಪದರವಾಗಿ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದ ನೆಲವದು. ಮೀಟರುಗಟ್ಟಲೆ ಆಳವೆಂದರೆ ಸಾವಿರಾರು ವರ್ಷ. ಸಾರವಿಲ್ಲದ ಆ ನೆಲದಲ್ಲಿ ಪೈನ್ ಮರಗಳು ಕುಬ್ಜವಾಗಿ ನಿಲ್ಲುತ್ತವೆ, ಕೀಟ ಹಿಡಿದು ಬದುಕುವ ಪುಟ್ಟ ಗಿಡಗಳು ಹಲಗೆಯ ಪಕ್ಕದಲ್ಲೇ ಕಾಣುತ್ತವೆ. ಹಲಗೆ ಬಿಟ್ಟು ಇಳಿಯಬೇಡಿ, ಒಂದು ಹೆಜ್ಜೆಯ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಕಾಡಿನಲ್ಲಿ ಹಣ್ಣು, ಅಣಬೆ ಆರಿಸಿಕೊಳ್ಳುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ಜುಲೈಯಲ್ಲಿ ನೀಲಿ ಬೆರ್ರಿ, ಸೆಪ್ಟೆಂಬರಿನಲ್ಲಿ ಕ್ರ್ಯಾನ್‌ಬೆರ್ರಿ. ಗುರುತು ತಿಳಿಯದ ಅಣಬೆಯನ್ನು ಮಾತ್ರ ಮುಟ್ಟಬಾರದು. ಸರ್ಕಾರದ ಅರಣ್ಯ ಸಂಸ್ಥೆ ಅಲ್ಲಲ್ಲಿ ಬೆಂಕಿಗೂಡು, ಸೌದೆ, ಸಣ್ಣ ಗುಡಿಸಲುಗಳನ್ನು ಇಟ್ಟಿದೆ. ಹಲವು ಕಡೆ ತಂಗಲು ಕಾಸು ಕೊಡಬೇಕಾಗಿಲ್ಲ, ಯುರೋಪಿನಲ್ಲಿ ಖರ್ಚಿಗೆ ಹೆದರುವ ಯುವಕರಿಗೆ ಇದು ದೊಡ್ಡ ಆಸರೆ.

ಸಸ್ಯಾಹಾರಿಗಳು ಊಟಕ್ಕೆ ಅಂಜಬೇಕಿಲ್ಲ, ಎಚ್ಚರವಿದ್ದರೆ ಸಾಕು. ರೈ ಹಿಟ್ಟಿನ ಕಪ್ಪು ಬ್ರೆಡ್ಡು, ಬೆಣ್ಣೆ, ಗಿಣ್ಣಿನಂಥ ಹಾಲಿನ ತಿನಿಸುಗಳು, ಆಲೂಗಡ್ಡೆ ಎಲ್ಲೆಡೆ ಸಿಗುತ್ತವೆ. ಬಾರ್ಲಿ, ಆಲೂಗಡ್ಡೆಯ ಗಂಜಿಗೆ ಮೇಲೆ ಹಂದಿಮಾಂಸ ಹಾಕುವ ರೂಢಿಯಿದೆ, ಮೊದಲೇ ಕೇಳಿ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಕಾಮಾ ಎಂಬ ಪುಡಿಯನ್ನು ಹುಳಿಮಜ್ಜಿಗೆಗೆ ಕಲಸಿ ತಿನ್ನುತ್ತಾರೆ. ನಮ್ಮ ಹುರಿಹಿಟ್ಟು ತಿಂದು ಬೆಳೆದವರಿಗೆ ಅದು ಹೊಸದೆನಿಸದು.

ದ್ವೀಪಗಳಿಗೆ ಕನಿಷ್ಠ ಮೂರು ದಿನ ಇಡಿ. ವಿರ್ತ್ಸುವಿನಿಂದ ಅರ್ಧ ಗಂಟೆಯೊಳಗೆ ದೋಣಿ ಮುಹು ದ್ವೀಪ ಸೇರುತ್ತದೆ, ಅಲ್ಲಿಂದ ಏರಿಯ ಮೇಲಿನ ರಸ್ತೆ ಸಾರೆಮಾಕ್ಕೆ. ಅಲ್ಲಿನ ಕುರೆಸ್ಸಾರೆ ಪಟ್ಟಣದ ಬಿಷಪ್ಪರ ಕೋಟೆ ಮಧ್ಯಯುಗದ ರೂಪದಲ್ಲೇ ಗಟ್ಟಿಯಾಗಿ ನಿಂತಿದೆ. ಕಾಲಿ ಎಂಬಲ್ಲಿ ಉಲ್ಕೆ ಬಿದ್ದು ಆದ 110 ಮೀಟರ್ ಅಗಲದ ಗುಂಡಿಯಲ್ಲಿ ನೀರು ನಿಂತಿದೆ. ಜನ ನೆಲೆಸಿದ್ದ ಕಾಲದಲ್ಲೇ ಬಿದ್ದ ಉಲ್ಕೆ ಅದು. ಚಳಿ ಗಟ್ಟಿಯಾಗಿ ಹಿಡಿದ ವರ್ಷ ಹೋದವರಿಗೆ ಇನ್ನೊಂದು ಅಚ್ಚರಿ: ಸಮುದ್ರ ಹೆಪ್ಪುಗಟ್ಟಿದ ಮೇಲೆ ಸರ್ಕಾರವೇ ಮಂಜುಗಡ್ಡೆಯ ರಸ್ತೆ ತೆರೆಯುತ್ತದೆ. ಅಲ್ಲಿ ಸೀಟ್‌ಬೆಲ್ಟ್ ಹಾಕಬಾರದು, ಗಡ್ಡೆ ಒಡೆದರೆ ತಕ್ಷಣ ಹೊರಬರಬೇಕಲ್ಲ. ಕತ್ತಲಲ್ಲಿ ನಡೆಯುವವರು ಕೋಟಿಗೆ ಬೆಳಕು ಹೊಳೆಸುವ ಬಿಲ್ಲೆ ತೂಗಿಸಿಕೊಳ್ಳುವುದೂ ಕಾನೂನು. ವಿದೇಶಿಯರಿಗೂ ವಿನಾಯಿತಿಯಿಲ್ಲ, ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ.

ಕೊನೆಗೆ ತಾರ್ತು. ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ 1632ರಲ್ಲಿ ತೆರೆದ ವಿಶ್ವವಿದ್ಯಾಲಯದ ಊರು. ಇಲ್ಲೇ ಹುಟ್ಟಿದ ಲಿಯೋಪೋಲ್ಡ್ ಫಾನ್ ಶ್ರೋಡರ್ ಇಲ್ಲೇ ಸಂಸ್ಕೃತ ಕಲಿಸಿದರು. ಮೈತ್ರಾಯಣೀ ಸಂಹಿತೆಯನ್ನು ಸಂಪಾದಿಸಿ ಅಚ್ಚು ಹಾಕಿಸಿದವರು ಅವರು. ಗುಡ್ಡದ ಮೇಲಿನ ಹಳೆಯ ವೀಕ್ಷಣಾಲಯ ಕನ್ನಡಿಗರಿಗೆ ವಿಶೇಷವಾಗಿ ಹಿಡಿಸೀತು. ಅಲ್ಲಿನ ಖಗೋಳಜ್ಞ ಸ್ಟ್ರೂವೆ ನಾರ್ವೆಯ ತುದಿಯಿಂದ ಕಪ್ಪು ಸಮುದ್ರದವರೆಗೆ 2,820 ಕಿಲೋಮೀಟರ್ ಉದ್ದದ ರೇಖೆಯನ್ನು ತ್ರಿಕೋನಗಳ ಸರಪಳಿಯಿಂದ ಅಳೆಸಿದರು. 1816ರಿಂದ 1855ರವರೆಗೆ ನಡೆದ ಕೆಲಸ, ಭೂಮಿಯ ಆಕಾರ, ಗಾತ್ರ ತಿಳಿಯಲು. ಅದಕ್ಕೂ ಮೊದಲು, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಇಂಥದೇ ಅಳತೆಯ ಆಧಾರರೇಖೆಯನ್ನು ಹಾಕಿದ್ದು ಬೆಂಗಳೂರಿನ ಬಳಿ. ಊರ ಹೊರಗೆ ಹಳೆಯ ಸೋವಿಯತ್ ವಿಮಾನನೆಲೆಯ ಓಡುಹಾದಿಯ ತುದಿಯಲ್ಲಿ 2016ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಂದು ಪೂರ್ತಿ ಹಗಲು ಬೇಕು. ತಾರ್ತುವನ್ನು ಕೊನೆಗಿಟ್ಟುಕೊಳ್ಳಲು ಇನ್ನೊಂದು ಕಾರಣವಿದೆ: ತಾಲಿನ್ನಿಗೆ ಹೋಗುವ ಬಸ್ಸುಗಳು ಎರಡೂವರೆ ಗಂಟೆಯಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲೇ ಇಳಿಸುತ್ತವೆ, ಸಾಮಾನು ಹೊತ್ತು ಮತ್ತೆ ನಗರಕ್ಕೆ ಹೋಗಬೇಕಾಗಿಲ್ಲ.