ಸರಳರೇಖೆಯ ಎರಡು ತುದಿಗಳು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪಿಎಚ್‌.ಡಿ. ಪ್ರಬಂಧಗಳನ್ನು ಜೋಡಿಸಿಟ್ಟ ಕಪಾಟುಗಳನ್ನು ನೋಡುತ್ತ ಹೋದರೆ ‘ರೇಖೀಯ’ ಎಂಬ ವಿಶೇಷಣ ಎರಡು ಕಡೆ ಕಣ್ಣಿಗೆ ಬೀಳುತ್ತದೆ. ಸಂಖ್ಯಾಶಾಸ್ತ್ರದ ಸಾಲಿನಲ್ಲಿ ಅದು ‘ರೇಖೀಯ ಮಾದರಿ’. ವಿದ್ಯುತ್ ಎಂಜಿನಿಯರಿಂಗ್ ಸಾಲಿನಲ್ಲಿ ‘ರೇಖೀಯ ಮೋಟಾರು’. ಹೆಸರಿನ ಹೋಲಿಕೆಯನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧವಿಲ್ಲವೆಂದೇ ಎರಡೂ ವಿಭಾಗದವರು ಭಾವಿಸುತ್ತಾರೆ. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಓದುವ ಪ್ರಸಂಗವೇ ಬರುವುದಿಲ್ಲ. ಆದರೆ ಈ ಎರಡು ಸಂಶೋಧನಾ ಕ್ಷೇತ್ರಗಳ ಚರಿತ್ರೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಇಂದಿನ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಅತ್ಯಗತ್ಯವಾದ ಒಂದು ಪಾಠ ಅಲ್ಲಿದೆ ಎಂಬುದು ನನ್ನ ನಂಬಿಕೆ. ವಿದ್ಯುತ್ ಯಂತ್ರಗಳನ್ನು ಬೋಧಿಸುತ್ತ, ಸಂಶೋಧನಾ ಪ್ರಬಂಧಗಳನ್ನು ಪರಿಶೀಲಿಸುತ್ತ ಬಂದವನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಮೊದಲು ಮೋಟಾರಿನ ವಿಷಯ. ನಮ್ಮ ಮನೆಯ ಮಿಕ್ಸಿ, ಹೊಲದ ಪಂಪ್‌ಸೆಟ್, ಕಾರ್ಖಾನೆಯ ಲೇತ್ ಎಲ್ಲವನ್ನೂ ನಡೆಸುವುದು ತಿರುಗುವ ಮೋಟಾರು. ಹೊರಗೆ ಸ್ಥಿರವಾಗಿ ನಿಂತ ಸ್ಟೇಟರ್, ಒಳಗೆ ಸುತ್ತುವ ರೋಟರ್. ಈ ಸ್ಟೇಟರನ್ನು ಒಂದು ಕಡೆ ಉದ್ದಕ್ಕೆ ಸೀಳಿ, ಚಾಪೆ ಹಾಸಿದಂತೆ ನೆಲದ ಮೇಲೆ ಬಿಡಿಸಿಟ್ಟರೆ ಏನಾಗುತ್ತದೆ? ಸುತ್ತುತ್ತಿದ್ದ ಕಾಂತಕ್ಷೇತ್ರ ಈಗ ನೇರವಾಗಿ ಓಡುತ್ತದೆ. ಅದರ ಎದುರಿಗಿಟ್ಟ ಅಲ್ಯೂಮಿನಿಯಂ ಹಲಗೆಯನ್ನೂ ತನ್ನ ಜೊತೆ ಎಳೆಯುತ್ತದೆ. ಇದೇ ರೇಖೀಯ ಪ್ರೇರಣ ಮೋಟಾರು. ಗೇರು, ಬೆಲ್ಟು, ಚಕ್ರಗಳ ಹಂಗಿಲ್ಲದೆ ವಿದ್ಯುತ್ತಿನಿಂದ ನೇರ ಚಲನೆ ದೊರೆಯುತ್ತದೆ. ಕಾಂತಕ್ಷೇತ್ರದ ಓಟದ ವೇಗವನ್ನು ಲೆಕ್ಕ ಹಾಕುವುದೂ ಸುಲಭ: ಎರಡು ಧ್ರುವಗಳ ನಡುವಣ ಅಂತರದ ಇಮ್ಮಡಿಯನ್ನು ವಿದ್ಯುತ್ತಿನ ಆವರ್ತನದಿಂದ ಗುಣಿಸಿದರಾಯಿತು. ಧ್ರುವಗಳ ನಡುವೆ 20 ಸೆಂಟಿಮೀಟರ್ ಅಂತರವಿದ್ದು, ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಕೊಟ್ಟರೆ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್.

ಈ ಕಲ್ಪನೆ ಹತ್ತೊಂಬತ್ತನೆಯ ಶತಮಾನದಿಂದಲೂ ಇದ್ದಿತು. ಆದರೆ ಅದನ್ನು ಶ್ರದ್ಧೆಯಿಂದ ಬೆನ್ನಟ್ಟಿದವರು ಇಂಗ್ಲೆಂಡಿನ ಎರಿಕ್ ಲೇಥ್‌ವೇಟ್ (1921–1997). ಜವಳಿ ಗಿರಣಿಗಳ ನಾಡಾದ ಲ್ಯಾಂಕಶೈರ್‌ನಲ್ಲಿ ಹುಟ್ಟಿದ ಅವರಿಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದಾಗ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದು ರೈಲಲ್ಲ, ಮಗ್ಗದ ಲಾಳಿ. ಆ ಬದಿಯಿಂದ ಈ ಬದಿಗೆ ಬಡಿಸಿಕೊಂಡು ಓಡಾಡುವ ಲಾಳಿಯನ್ನು ಕಾಂತಶಕ್ತಿಯಿಂದಲೇ ದೂಡಬಹುದಲ್ಲ ಎಂಬುದು ಅವರ ಯೋಚನೆ. ಲಾಳಿಯ ಪ್ರಯೋಗ ಮಗ್ಗಗಳ ಲೋಕವನ್ನು ಬದಲಿಸಲಿಲ್ಲ. ಆದರೆ ಆ ಯೋಚನೆಯ ಬೆನ್ನು ಹತ್ತಿದ ಅವರು 1964ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಬಂದು, ರೇಖೀಯ ಮೋಟಾರಿನ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದರು.

ಆ ಅಧ್ಯಯನದ ತಿರುಳು ಯಾವುದು? ಮೋಟಾರನ್ನು ಬಿಡಿಸಿ ಹಾಸಿದರೂ ಹಳೆಯ ಸೂತ್ರಗಳೇ ನಡೆಯುತ್ತವೆ ಎಂದು ಭಾವಿಸುವುದು ಸಹಜ. ಆದರೆ ವೃತ್ತಕ್ಕೆ ಇಲ್ಲದ ಒಂದು ವಸ್ತು ರೇಖೆಗಿದೆ, ಅದು ತುದಿ. ತಿರುಗುವ ಮೋಟಾರಿನಲ್ಲಿ ರೋಟರಿನ ಪ್ರತಿಯೊಂದು ಭಾಗವೂ ಸದಾ ಸ್ಟೇಟರಿನ ಕ್ಷೇತ್ರದೊಳಗೇ ಇರುತ್ತದೆ. ವಾಹನಕ್ಕೆ ಕಟ್ಟಿದ ರೇಖೀಯ ಮೋಟಾರಿನ ಕೆಳಗೆ ಮಾತ್ರ ಪ್ರತಿ ಕ್ಷಣವೂ ಹೊಸ ಹಲಗೆ ಬಂದು ಸೇರುತ್ತದೆ, ಹಳೆಯ ಹಲಗೆ ಹಿಂದೆ ಉಳಿಯುತ್ತದೆ. ಹೊಸದಾಗಿ ಪ್ರವೇಶಿಸಿದ ಹಲಗೆಯಲ್ಲಿ ಪ್ರೇರಿತವಾಗುವ ವಿದ್ಯುತ್ತು ಕಾಂತಕ್ಷೇತ್ರವನ್ನು ವಿರೋಧಿಸುತ್ತದೆ. ಮುಂಭಾಗದಲ್ಲಿ ಕ್ಷೇತ್ರ ದುರ್ಬಲವಾಗುತ್ತದೆ. ಹಿಂಭಾಗದಲ್ಲಿ ಉಳಿದ ವಿದ್ಯುತ್ತು ಶಕ್ತಿಯನ್ನು ಪೋಲು ಮಾಡುತ್ತದೆ. ವೇಗ ಹೆಚ್ಚಿದಷ್ಟೂ ಈ ಪರಿಣಾಮ ಹೆಚ್ಚು. ಹಳೆಯ ಸೂತ್ರ ಹೇಳಿದಷ್ಟು ನೂಕುಬಲ ನಿಜದಲ್ಲಿ ಸಿಗುವುದಿಲ್ಲ. ಇದನ್ನೇ ‘ತುದಿ ಪರಿಣಾಮ’ ಎನ್ನುತ್ತಾರೆ. ರೇಖೀಯ ಪ್ರೇರಣ ಮೋಟಾರಿನ ಮೇಲೆ ನಡೆದ ಸ್ನಾತಕೋತ್ತರ ಸಂಶೋಧನೆಯ ಬಹುಭಾಗ ಈ ತುದಿಯ ಸುತ್ತಲೇ ನಡೆದಿದೆ ಎಂಬುದು ಗಮನಾರ್ಹ.

ಈಗ ಸಂಖ್ಯಾಶಾಸ್ತ್ರಕ್ಕೆ ಬರೋಣ. 1801ರ ಜನವರಿ 1ರಂದು ಪಿಯಾಜ್ಜಿ ಎಂಬ ಖಗೋಳಜ್ಞ ಕಂಡುಹಿಡಿದ ಸೀರಿಸ್ ಎಂಬ ಕಾಯ ಕೆಲವೇ ವಾರಗಳಲ್ಲಿ ಕಣ್ಮರೆಯಾಯಿತು. ಲಭ್ಯವಿದ್ದ ಕೆಲವೇ ವೀಕ್ಷಣೆಗಳಿಂದ ಅದರ ಪಥವನ್ನು ಲೆಕ್ಕ ಹಾಕಿ, ಅದೇ ವರ್ಷದ ಕೊನೆಗೆ ಅದು ಮತ್ತೆ ಸಿಗುವಂತೆ ಮಾಡಿದವನು ಗೌಸ್. ತಪ್ಪುಗಳ ವರ್ಗಗಳ ಮೊತ್ತವನ್ನು ಕನಿಷ್ಠಗೊಳಿಸುವ ವಿಧಾನವನ್ನು 1805ರಲ್ಲಿ ಲೆಜಾಂಡ್ರ್ ಮೊದಲು ಅಚ್ಚು ಮಾಡಿದ. 1809ರಲ್ಲಿ ಗೌಸ್ ಅದಕ್ಕೆ ಸಂಭಾವ್ಯತೆಯ ತಳಹದಿ ಒದಗಿಸಿದ. ಇಂದಿನ ರೇಖೀಯ ಮಾದರಿಗಳ ಬೇರು ಅಲ್ಲಿದೆ. ಮಳೆಗೂ ಬೆಳೆಗೂ, ಗೊಬ್ಬರಕ್ಕೂ ಇಳುವರಿಗೂ, ವಯಸ್ಸಿಗೂ ರಕ್ತದೊತ್ತಡಕ್ಕೂ ಇರುವ ಸಂಬಂಧವನ್ನು ಅಳೆಯಲು ಹೊರಟವರೆಲ್ಲ ಮೊದಲು ಕೈಗೆತ್ತಿಕೊಳ್ಳುವ ಸಾಧನ ಇದೇ.

ಈ ವಿದ್ಯೆಗೆ ಭಾರತದ ಕೊಡುಗೆ ಅಸಾಮಾನ್ಯವಾದುದು. ಅದರಲ್ಲಿ ಕರ್ನಾಟಕಕ್ಕೂ ಹೆಮ್ಮೆಪಡಲು ಕಾರಣವಿದೆ. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯ ಹಡಗಲಿಯಲ್ಲಿ. ತೆಲುಗು ಮನೆಮಾತಿನ ರಾವ್ ಕೋಲ್ಕತ್ತದಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆಯೇ, 1945ರ ಅವರ ಸುಪ್ರಸಿದ್ಧ ಪ್ರಬಂಧದಲ್ಲಿ ಬಂದ, ಇಂದು ಕ್ರಾಮೆರ್–ರಾವ್ ಮಿತಿ ಎಂದು ಹೆಸರಾದ ಫಲಿತಾಂಶಕ್ಕೆ ಪ್ರೇರಣೆಯಾಯಿತು. 1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ಗಣಿತದ ತರಗತಿಗೆಂದಲ್ಲ. ಅಲ್ಲಿನ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ, ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಆ ಕೆಲಸದ ಜೊತೆಜೊತೆಗೇ ಆರ್.ಎ. ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್‌.ಡಿ. ಪಡೆದರು. ಮುಂದೆ, ಗುಂಪುಗಳಲ್ಲಿ ಸಂಖ್ಯೆಗಳು ಅಸಮವಾಗಿದ್ದು ಸಾಮಾನ್ಯ ವಿಧಾನಗಳು ಕೈಕೊಡುವಂಥ ದತ್ತಾಂಶಗಳನ್ನು ಎದುರಿಸಬೇಕಾಗಿ ಬಂದಾಗಲೇ 1955ರ ಸುಮಾರಿಗೆ ಅವರು ಸಾಮಾನ್ಯೀಕೃತ ವಿಲೋಮದ ಹಾದಿ ಹಿಡಿದರು. 1965ರಲ್ಲಿ ಪ್ರಕಟವಾದ, ರೇಖೀಯ ಸಂಖ್ಯಾಶಾಸ್ತ್ರೀಯ ಅನುಮಾನವನ್ನು ಕುರಿತ ಅವರ ಗ್ರಂಥ ಜಗತ್ತಿನಾದ್ಯಂತ ಪಠ್ಯವಾಯಿತು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಲೇಥ್‌ವೇಟ್ ಮತ್ತು ರಾವ್ ಅವರ ಬದುಕಿನಲ್ಲಿ ಒಂದು ಸಾಮ್ಯವಿದೆ. ಒಬ್ಬರು ಲಾಳಿಯಿಂದ ಹೊರಟರು, ಇನ್ನೊಬ್ಬರು ಮೂಳೆಗಳಿಂದ. ಸಿದ್ಧ ಸೂತ್ರವು ಕೈಯಲ್ಲಿದ್ದ ವಸ್ತುವಿಗೆ ಹೊಂದದೆ ಹೋದ ಸ್ಥಳದಲ್ಲಿ ಇಬ್ಬರೂ ನಿಂತು ಯೋಚಿಸಿದರು. ಸೂತ್ರ ಹೊಂದಿಕೊಂಡ ಕಡೆಯಷ್ಟೇ ಓಡಾಡಿದ್ದರೆ ಇಬ್ಬರಿಂದಲೂ ಹೊಸದೇನೂ ಬರುತ್ತಿರಲಿಲ್ಲ.

ನಮ್ಮ ಇಂದಿನ ಸ್ಥಿತಿ ಹೇಗಿದೆ? ನಾನು ಓದಿದ ಪ್ರಬಂಧಗಳಲ್ಲಿ ಹೆಚ್ಚಿನವು ದುಡಿಮೆಯಲ್ಲಿ ಹಿಂದೆ ಬಿದ್ದವಲ್ಲ. ಲೆಕ್ಕಗಳು ಸರಿಯಾಗಿರುತ್ತವೆ, ಕೋಷ್ಟಕಗಳು ಅಂದವಾಗಿರುತ್ತವೆ. ಆದರೆ ‘ನಿಮ್ಮ ಮಾದರಿ ಯಾವ ಷರತ್ತಿನ ಮೇಲೆ ನಿಂತಿದೆ, ಆ ಷರತ್ತು ಎಲ್ಲಿ ಮುರಿಯುತ್ತದೆ’ ಎಂದು ಕೇಳಿದರೆ ಮೌನವೇ ಉತ್ತರ. ಸಾಫ್ಟ್‌ವೇರಿಗೆ ಅಂಕಿಗಳನ್ನು ಊಡಿಸಿದರೆ ಗೆರೆ ಬರುತ್ತದೆ. ಗೆರೆಯ ಪಕ್ಕದಲ್ಲಿ ಅದರ ಗುಣಾಂಕಗಳೂ ಬರುತ್ತವೆ. ಆ ಗೆರೆ ಎಷ್ಟು ನಂಬಲರ್ಹ ಎಂದು ಯೋಚಿಸುವ ಹೊಣೆಯನ್ನು ಮಾತ್ರ ಯಂತ್ರ ಹೊರುವುದಿಲ್ಲ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕಂಬ್ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ದತ್ತಾಂಶಗಳನ್ನು ರಚಿಸಿ ತೋರಿಸಿದರು. ನಾಲ್ಕಕ್ಕೂ ಸರಾಸರಿ ಒಂದೇ, ಬರುವ ಸರಳರೇಖೆಯೂ ಒಂದೇ. ಆದರೆ ಚಿತ್ರ ಬರೆದು ನೋಡಿದರೆ ಒಂದು ನಿಜವಾಗಿಯೂ ಗೆರೆಯ ಸುತ್ತ ಹರಡಿದೆ, ಇನ್ನೊಂದು ಬಾಗಿದ ಕಮಾನು, ಮೂರನೆಯದರಲ್ಲಿ ಒಂದೇ ಒಂದು ಬಿಂದು ಗೆರೆಯನ್ನು ಎಳೆದಾಡಿದೆ, ನಾಲ್ಕನೆಯದರಲ್ಲಿ ಒಂದು ಬಿಂದುವನ್ನು ತೆಗೆದರೆ ಗೆರೆಗೆ ಆಧಾರವೇ ಇಲ್ಲ. ಅರ್ಧ ಶತಮಾನ ಕಳೆದ ಮೇಲೂ ಚಿತ್ರ ಬರೆಯದೆಯೇ ಗೆರೆಯನ್ನು ನಂಬುವವರು ಕಡಿಮೆಯಾಗಿಲ್ಲ.

ಇದು ಪಂಡಿತರ ತಕರಾರು ಮಾತ್ರ ಎಂದು ಓದುಗರು ಭಾವಿಸಬಾರದು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರಿನ ಬಳೆಗಳು ಚಳಿಯಲ್ಲಿ ಸ್ಥಿತಿಸ್ಥಾಪಕ ಗುಣ ಕಳೆದುಕೊಂಡದ್ದು ಕಾರಣ. ಹಿಂದಿನ ರಾತ್ರಿ ಎಂಜಿನಿಯರುಗಳು ಚಳಿಯ ಅಪಾಯವನ್ನು ಎತ್ತಿ ಹೇಳಿದ್ದರು. ಆದರೆ ಚರ್ಚೆಗೆ ಬಂದದ್ದು ಬಳೆಗಳಿಗೆ ಹಾನಿಯಾದ ಹಾರಾಟಗಳ ಅಂಕಿಗಳು ಮಾತ್ರ. ಅವನ್ನಷ್ಟೇ ನೋಡಿದರೆ ತಾಪಕ್ಕೂ ಹಾನಿಗೂ ಸಂಬಂಧ ಕಾಣುತ್ತಿರಲಿಲ್ಲ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ತನಿಖಾ ಆಯೋಗ ನೋಡಿದಾಗ ಚಿತ್ರ ನಿಚ್ಚಳವಾಯಿತು: ಸುಮಾರು 19 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪದ ಇಪ್ಪತ್ತು ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿ, ಅದಕ್ಕಿಂತ ತಣ್ಣಗಿದ್ದ ನಾಲ್ಕರಲ್ಲಿ ನಾಲ್ಕರಲ್ಲೂ ಹಾನಿ. ಮತ್ತೊಂದು ಸಂಗತಿ: ಅದುವರೆಗಿನ ಅತ್ಯಂತ ತಣ್ಣನೆಯ ಹಾರಾಟ ಸುಮಾರು 12 ಡಿಗ್ರಿಯದು. ಚಾಲೆಂಜರ್ ಹಾರಿದ ದಿನ ಕೀಲುಗಳ ತಾಪ ಸೊನ್ನೆಯ ಆಸುಪಾಸಿನಲ್ಲಿತ್ತು. ಅನುಭವದ ರೇಖೆ ಮುಗಿದಿದ್ದ ಕಡೆಯಿಂದ ಬಹಳ ದೂರಕ್ಕೆ ಹೋಗಿ ನಿರ್ಧಾರ ಕೈಗೊಳ್ಳಲಾಗಿತ್ತು. ಮೋಟಾರಿಗೆ ತುದಿಯಿರುವಂತೆ ಮಾದರಿಗೂ ತುದಿಯಿದೆ. ಅದನ್ನು ದಾಟಿದ ಮೇಲೆ ಗೆರೆ ಹೇಳುವ ಮಾತಿಗೆ ಅಂಕಿಗಳ ಬೆಂಬಲ ಇರುವುದಿಲ್ಲ.

ತುದಿಯನ್ನು ಒಪ್ಪಿಕೊಂಡ ಸಂಶೋಧನೆ ಸೋತ ಸಂಶೋಧನೆಯೇ ಎಂದು ಕೆಲವರು ಕೇಳಬಹುದು. ಮೋಟಾರಿನ ಚರಿತ್ರೆಯೇ ಇದಕ್ಕೆ ಉತ್ತರ. ಲೇಥ್‌ವೇಟ್ ಅವರ ಮೋಟಾರನ್ನು ಅಳವಡಿಸಿಕೊಂಡ ಬ್ರಿಟನ್ನಿನ ಗಾಳಿದಿಂಬಿನ ರೈಲಿನ ಯೋಜನೆ, ಪ್ರಯೋಗದಲ್ಲಿ ಗಂಟೆಗೆ 160 ಕಿಲೋಮೀಟರ್ ದಾಟಿ ಓಡಿದ 1973ರಲ್ಲೇ ಸರ್ಕಾರದ ಹಣವಿಲ್ಲದೆ ನಿಂತುಹೋಯಿತು. ಆದರೆ ಅರಿವು ನಿಲ್ಲಲಿಲ್ಲ. ತುದಿ ಪರಿಣಾಮ ಹೆಚ್ಚು ಕಾಡದ ಮಧ್ಯಮ ವೇಗಕ್ಕೆ ರೇಖೀಯ ಪ್ರೇರಣ ಮೋಟಾರು ಹೊಂದುತ್ತದೆ ಎಂದು ತಿಳಿದದ್ದರಿಂದಲೇ ವ್ಯಾಂಕೂವರ್, ಟೋಕಿಯೊದ ಓಯೆಡೊ ಮಾರ್ಗ, ಕ್ವಾಲಾಲಂಪುರಗಳ ನಗರ ರೈಲುಗಳು ಅದನ್ನು ಬಳಸಿಕೊಂಡವು. ಅತಿ ವೇಗ ಬೇಕೆಂದವರು ವಾಹನದಿಂದ ಸುರುಳಿಗಳನ್ನು ತೆಗೆದು ಹಾದಿಯುದ್ದಕ್ಕೂ ಹಾಸಿದರು. 2004ರಲ್ಲಿ ವಾಣಿಜ್ಯ ಸಂಚಾರ ಆರಂಭಿಸಿದ ಶಾಂಘಾಯಿಯ ರೈಲು ಆ ಬಗೆಯದು. ಜಪಾನಿನ ಅಂಥದೇ ರೈಲು 2015ರ ಏಪ್ರಿಲ್‌ನಲ್ಲಿ ಗಂಟೆಗೆ 603 ಕಿಲೋಮೀಟರ್ ಓಡಿ ದಾಖಲೆ ಬರೆಯಿತು. ಮಿತಿ ಎಲ್ಲಿದೆ ಎಂದು ಪ್ರಾಮಾಣಿಕವಾಗಿ ಬರೆದಿಟ್ಟವರ ಪ್ರಬಂಧಗಳೇ ಮುಂದಿನವರಿಗೆ ದಾರಿ ತೋರಿಸಿದವು.

ಹಾಗಾದರೆ ನಾವು ಮಾಡಬೇಕಾದುದೇನು? ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನಿಯಮಾವಳಿಯಲ್ಲಿ, ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ಎಣಿಕೆಗಾಗಿ ಬರೆಯುವ ಒತ್ತಡ ಇದರಿಂದ ಸ್ವಲ್ಪ ತಗ್ಗಬಹುದು. ಆದರೆ ಎಣಿಕೆಯ ಸ್ಥಾನದಲ್ಲಿ ಬೇರೊಂದು ಅಳತೆಗೋಲು ಬರಬೇಕಲ್ಲವೇ? ನನ್ನ ಸಲಹೆ ಸರಳವಾಗಿದೆ. ಪ್ರತಿ ಪ್ರಬಂಧದಲ್ಲೂ ‘ಈ ಮಾದರಿ ಎಲ್ಲಿ ನಡೆಯುವುದಿಲ್ಲ’ ಎಂಬ ಅಧ್ಯಾಯ ಕಡ್ಡಾಯವಾಗಲಿ. ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಆ ಅಧ್ಯಾಯದ ಮೇಲೆಯೇ ಇರಲಿ. ಎಂಜಿನಿಯರಿಂಗ್ ಸಂಶೋಧಕರಿಗೆ ಪ್ರಯೋಗಗಳ ವಿನ್ಯಾಸವನ್ನು ಸಂಖ್ಯಾಶಾಸ್ತ್ರದವರೇ ಕಲಿಸಲಿ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ಒಂದು ಅವಧಿಯನ್ನಾದರೂ ಪ್ರಯೋಗಾಲಯದಲ್ಲೋ ಆಸ್ಪತ್ರೆಯಲ್ಲೋ ಹೊಲದಲ್ಲೋ ಕಳೆದು, ಅಂಕಿಗಳು ಹುಟ್ಟುವ ಸ್ಥಳವನ್ನು ಕಣ್ಣಾರೆ ನೋಡಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದುಬಾರಿ ಉಪಕರಣ ಬೇಕಿಲ್ಲ. ಎರಡು ವಿಭಾಗಗಳ ಮುಖ್ಯಸ್ಥರು ಒಂದು ಮೇಜಿನ ಸುತ್ತ ಕುಳಿತರೆ ಸಾಕು.

ಮಾರ್ಗದರ್ಶಕರಿಗೂ ಒಂದು ಮಾತು ಹೇಳಲೇಬೇಕು. ನಿರೀಕ್ಷಿಸಿದ ಗೆರೆಯ ಮೇಲೆ ಬಿಂದುಗಳು ಕೂರಲಿಲ್ಲ ಎಂದು ವಿದ್ಯಾರ್ಥಿ ಸಪ್ಪೆ ಮೋರೆ ಹಾಕಿಕೊಂಡು ಬಂದಾಗ, ಆ ಬಿಂದುಗಳನ್ನು ಬದಿಗಿರಿಸಿ ಮುಂದುವರಿ ಎನ್ನುವ ಪ್ರಲೋಭನೆ ದೊಡ್ಡದು. ಅವಧಿ ಮುಗಿಯುತ್ತಿರುತ್ತದೆ, ವಿದ್ಯಾರ್ಥಿವೇತನ ನಿಲ್ಲುವ ಹೊತ್ತಾಗಿರುತ್ತದೆ. ಆದರೂ ಆ ಹೊತ್ತಿನಲ್ಲಿ ‘ಇವು ಯಾಕೆ ಕೂರಲಿಲ್ಲ’ ಎಂದು ಜೊತೆಗೆ ಕುಳಿತು ಕೇಳುವ ಗುರು ದೊರೆತರೆ, ಆ ವಿದ್ಯಾರ್ಥಿ ಪದವಿಯ ಜೊತೆಗೆ ಸಂಶೋಧನೆಯ ಸ್ವಭಾವವನ್ನೂ ಪಡೆದು ಹೊರಬರುತ್ತಾನೆ. ನಾಳೆ ಅವನು ಸೇತುವೆಯ ಭಾರವನ್ನೋ ಔಷಧದ ಪ್ರಮಾಣವನ್ನೋ ರೈಲಿನ ಬ್ರೇಕನ್ನೋ ಕುರಿತು ಸಹಿ ಹಾಕಬೇಕಾಗಿ ಬಂದಾಗ, ನಮ್ಮೆಲ್ಲರ ಸುರಕ್ಷತೆ ನಿಲ್ಲುವುದು ಆ ಸ್ವಭಾವದ ಮೇಲೆಯೇ.