ಹುಳಿ ಬಂದ ಹಸಿರು

ರಾಜಾಜಿನಗರ, ವಿಜಯನಗರದ ಮನೆಗಳಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಹಸುವಿಗೆ ಹಾಕುವ ಹಸಿರು ಮೇವನ್ನೂ ಹೀಗೆಯೇ ಹುಳಿ ಬರಿಸಿ ಕಾಪಿಡಬಹುದು. ಅದೇ ರಸಮೇವು. ಆಡುಮಾತಿನಲ್ಲಿ ಸೈಲೇಜ್.

ಕೆಂಗೇರಿ, ತಾವರೆಕೆರೆ ಕಡೆ ಮಳೆಗಾಲದಲ್ಲಿ ಹಸಿರಿಗೆ ಕೊರತೆಯಿಲ್ಲ. ಬೇಸಿಗೆ ಬಂತೆಂದರೆ ಬಣವೆಯ ರಾಗಿ ಹುಲ್ಲೇ ಗತಿ. ಅದರಿಂದ ಹಸುವಿನ ಹೊಟ್ಟೆ ತುಂಬೀತು, ಹಾಲಿನ ಪಾತ್ರೆ ತುಂಬದು.

ರಸಮೇವಿಗೆ ಮುಸುಕಿನ ಜೋಳ ಹೇಳಿ ಮಾಡಿಸಿದ ಬೆಳೆ. ತೆನೆಯ ಕಾಳು ಹಾಲುದುಂಬಿ ಗಟ್ಟಿಯಾಗತೊಡಗಿದಾಗ ಕೊಯ್ದು, ಎರಡು ಮೂರು ಸೆಂಟಿಮೀಟರ್ ಉದ್ದದ ಚೂರು ಮಾಡಬೇಕು. ಒಂದು ಹಿಡಿ ಚೂರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಕೈ ಬಿಚ್ಚಿ ನೋಡಿ. ರಸ ತೊಟ್ಟಿಕ್ಕಿದರೆ ತೇವ ಹೆಚ್ಚು. ಉಂಡೆ ತಟ್ಟನೆ ಉದುರಿದರೆ ಒಣಗಿದೆ. ಅಂಗೈ ಒದ್ದೆಯಾಗಿ ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಹದ. ಆಗ ಅದರಲ್ಲಿ ಶೇ 65ರಿಂದ 70ರಷ್ಟು ನೀರಿರುತ್ತದೆ.

ಮುಂದಿನದು ತುಳಿತದ ಕೆಲಸ. ಗುಂಡಿಗೆ ಪದರ ಪದರವಾಗಿ ತುಂಬಿ, ಗಾಳಿ ಹೋಗುವಂತೆ ತುಳಿದು, ಟಾರ್ಪಾಲು ಹೊದಿಸಿ ಮಣ್ಣಿನಿಂದ ಮುಚ್ಚಬೇಕು. ಕೊಯ್ದ ಮೇವಿಗೂ ಜೀವವಿರುತ್ತದೆ. ಗಾಳಿ ಸಿಕ್ಕಷ್ಟು ಹೊತ್ತು ಅದು ಉಸಿರಾಡಿ ತನ್ನ ಸಕ್ಕರೆಯನ್ನೇ ಸುಟ್ಟುಕೊಳ್ಳುತ್ತದೆ. ಆಮ್ಲಜನಕ ತೀರಿದ ಮೇಲೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಸರದಿ. ಅವು ಉಳಿದ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದಾಗ ಕೊಳೆಸುವ ಜೀವಿಗಳು ತಲೆಯೆತ್ತಲಾರವು. ಹುಳಿ ಸಾಲದೆ ಹೋದರೆ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದು ಮೇವು ಕೊಳೆತು ನಾರುತ್ತದೆ. ಮೇವಿಗೆ ಹೊರಗಿನಿಂದಲೇ ಆಮ್ಲ ಬೆರೆಸಿ ಈ ಅಪಾಯ ತಪ್ಪಿಸುವ ವಿಧಾನ ಕಂಡುಹಿಡಿದ ಫಿನ್‌ಲೆಂಡಿನ ವಿರ್ಟಾನೆನ್ ಅವರಿಗೆ 1945ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ನಮ್ಮ ಸೀಮೆಗೆ ಗುಂಡಿಯ ವಿದ್ಯೆ ಹೊಸದಲ್ಲ. ಕಾಳು ತುಂಬಿಡುವ ನೆಲಗುಂಡಿಯಾದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದೂ ಗಾಳಿಯಾಡದ ಕಾರಣಕ್ಕೇ.

ಲೆಕ್ಕವೂ ಸುಲಭ. ಹಸುವೊಂದಕ್ಕೆ ದಿನಕ್ಕೆ 20 ಕೆಜಿಯಂತೆ 90 ದಿನಕ್ಕೆ 1,800 ಕೆಜಿ. ಚೆನ್ನಾಗಿ ತುಳಿದರೆ ಒಂದು ಘನಮೀಟರಿನಲ್ಲಿ ಸುಮಾರು 600 ಕೆಜಿ ಹಿಡಿಯುತ್ತದೆ. ಅಂದರೆ ಮೂರು ಘನಮೀಟರಿನ ಗುಂಡಿ ಸಾಕು. ಸುಮಾರು 45 ದಿನಗಳ ನಂತರ ತೆರೆಯಬಹುದು. ದಿನಕ್ಕೆ ಬೇಕಾದಷ್ಟು ತೆಗೆದು ಮತ್ತೆ ಬಿಗಿಯಾಗಿ ಮುಚ್ಚಬೇಕು. ಬೂಷ್ಟು ಹಿಡಿದ ಮೇವನ್ನು ಹಸುವಿಗೆ ಹಾಕಲೇಬಾರದು.

ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ಹೊಲಗಳಲ್ಲಿ ಈಗ ನಾಡಪ್ರಭು ಕೆಂಪೇಗೌಡ ಬಡಾವಣೆ ಎದ್ದಿದೆ. ಸೈಟುಗಳ ಪಕ್ಕದಲ್ಲಿ ಇನ್ನೂ ಹಸು ಕಟ್ಟಿಕೊಂಡವರಿಗೆ ಉಳಿದಿರುವ ನೆಲ ಚಿಕ್ಕದು. ಆ ತುಂಡು ನೆಲ ಮಳೆಗಾಲದಲ್ಲಿ ಕೊಟ್ಟ ಹಸಿರನ್ನು ಏಪ್ರಿಲ್‌ ತಿಂಗಳ ಗೋದಲಿಗೆ ತಲುಪಿಸುವ ದಾರಿ ಈ ಗುಂಡಿಯಲ್ಲಿದೆ.